ಮಿದುಳಿನ ನೀರಗಂಟಿ

ಕಳೆದ ವರ್ಷದ ಆಷಾಢಮಾಸದಲ್ಲಿ ಒಂದು ಸಂಜೆ ನಾವು ನಮ್ಮ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಶಬ್ದರೂಪಗಳನ್ನು ಹೇಳಿಸುತ್ತಿದ್ದೆವು. ಆಕೆಗೆ ಆಗ ಏಳು ತುಂಬಿ ಎಂಟು ನಡೆಯುತ್ತಿದ್ದಿತು. ಮಳೆ ಹಿಡಿದುಕೊಂಡಿದ್ದುದರಿಂದ ಹೊರಗೆ ಆಡಲು ಹೋಗುವಂತಿರಲಿಲ್ಲ. ಆದಕಾರಣವೇ ತಾತನ ಪಾಠಕ್ಕೆ ಸಿಕ್ಕಿಬಿದ್ದಿದ್ದಳೆಂದರೆ ಸತ್ಯಕ್ಕೆ ಹತ್ತಿರವಾದೀತು. “ರಾಮಃ, ರಾಮೌ” ಎಂದವಳು ಅಲ್ಲಿಗೇ ನಿಂತಳು. ಮರೆತಳೆಂದು ಕಾದೆವು. ಮರೆತ ಮಕ್ಕಳು ಸೂರಿನ ಕಡೆ ನೋಡುತ್ತಾರೆ, ತುಟಿ ಕಚ್ಚುತ್ತಾರೆ, ಗುರುವಿನ ಮುಖವನ್ನು ಓರೆಗಣ್ಣಿನಿಂದ ಪರೀಕ್ಷಿಸುತ್ತಾರೆ. ೩೫ ವರ್ಷ ಪಾಠ ಹೇಳಿದ ನಮಗೆ ಈ ಲಕ್ಷಣಗಳೆಲ್ಲ ಕರತಲಾಮಲಕ. ಇವಳಲ್ಲಿ ಅವು ಯಾವುವೂ ಇರಲಿಲ್ಲ. ಕಣ್ಣು ತೆರೆದಿದ್ದಿತು, ನೋಟವಿರಲಿಲ್ಲ. ರೆಪ್ಪೆಗಳು ಮಾತ್ರ ಸಣ್ಣಗೆ ಅದುರುತ್ತಿದ್ದುವು. ಗೋಡೆಯ ಗಡಿಯಾರದ ಸದ್ದು ಹತ್ತು ಹನ್ನೆರಡು ಸಲ ಕೇಳಿಸಿರಬಹುದು. ಆಮೇಲೆ, ಏನೂ ನಡೆಯಲೇ ಇಲ್ಲವೆಂಬಂತೆ, “ರಾಮಾಃ” ಎಂದು ಮುಂದುವರಿದಳು.

“ಏಕಮ್ಮ ನಡುವೆ ನಿಂತೆ?” ಎಂದೆವು.

“ನಾನೆಲ್ಲಿ ನಿಂತೆ ತಾತ?” ಎಂದಳು.

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಅದೇ ನಮ್ಮನ್ನು ಹೆದರಿಸಿದ್ದು. ಅಂಥ ಉತ್ತರವನ್ನು ನಾವು ಹಿಂದೆಯೂ ಒಬ್ಬರ ಬಾಯಿಂದ ಕೇಳಿದ್ದೆವು. ಆಗ ಏನು ಮಾಡಿದೆವೆಂಬುದನ್ನು ಮುಂದೆ ಹೇಳುತ್ತೇವೆ. ಮೊದಲಿಗೇ ಹೇಳುವಷ್ಟು ಮನಸ್ಸು ಗಟ್ಟಿಯಾಗಿಲ್ಲ.

ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದು ಎಲ್ಲೆಲ್ಲಿಯೂ ಕಾಣತೊಡಗಿತು. ಊಟದ ಎಲೆಯ ಮುಂದೆ ತುತ್ತು ಕೈಯಲ್ಲಿಯೇ ನಿಲ್ಲುವುದು. ತಾಯಿ ತಲೆ ಬಾಚುತ್ತಿರುವಾಗ ಆಡುತ್ತಿದ್ದ ಮಾತು ಅರ್ಧಕ್ಕೆ ತುಂಡಾಗುವುದು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಬೊಂಬೆಯಂತೆ ನಿಂತುಬಿಡುವುದು. ಒಂದು ಭಾನುವಾರ ನಾವು ಗುಟ್ಟಾಗಿ ಲೆಕ್ಕ ಹಾಕಿದೆವು: ಬೆಳಗಿನಿಂದ ಮಧ್ಯಾಹ್ನದೊಳಗೆ ೧೪ ಸಲ. ಶಾಲೆಯಿಂದ ಬಂದ ಪ್ರಗತಿಪತ್ರದಲ್ಲಿ “ಬುದ್ಧಿವಂತೆ, ಆದರೆ ಪಾಠದಲ್ಲಿ ಗಮನ ಸಾಲದು” ಎಂದು ಬರೆದಿದ್ದರು. ಅದನ್ನು ಓದಿ ನಮ್ಮ ಮಗಳು ಕೂಸನ್ನು ಗದರಿಸಿದ್ದಳು. ನಮ್ಮ ಮನೆಯಾಕೆ ದೃಷ್ಟಿಯೆಂದು ನಿಶ್ಚಯಿಸಿ ಮೂರು ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅದರಿಂದ ಕೆಮ್ಮು ಬಂದದ್ದು ನಮಗೆ.

ಕೊನೆಗೆ ನರರೋಗದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮಾಡಿದ ಪರೀಕ್ಷೆ ಜಾತ್ರೆಯಲ್ಲಿ ಮಾರುವ ಕಾಗದದ ಗಿರಿಗಿಟ್ಟಲೆಯಿಂದ. “ಇದನ್ನು ಬಿಡದೆ ಊದುತ್ತಿರು ಪುಟ್ಟಿ, ನಿಲ್ಲಿಸಬಾರದು” ಎಂದು ಆಕೆಯ ಕೈಗೆ ಕೊಟ್ಟರು. ಎರಡು ನಿಮಿಷ ಊದುವಷ್ಟರಲ್ಲಿ ಗಿರಿಗಿಟ್ಟಲೆ ನಿಂತಿತು, ಕೂಸಿನ ಕಣ್ಣೂ ನಿಂತಿತು. ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲಾಮ್ಲ ಅನಿಲವು ಕಡಮೆಯಾಗಿ ಈ ಬಗೆಯ ರೋಗವು ಎದುರಿಗೇ ಬಂದು ಕಾಣಿಸಿಕೊಳ್ಳುವುದಂತೆ. ಬಳಿಕ ತಲೆಗೆ ತಂತಿಗಳನ್ನು ಅಂಟಿಸಿ ಇ.ಇ.ಜಿ. ತೆಗೆದರು. ಮಿದುಳಿನ ವಿದ್ಯುತ್ತನ್ನು ಬರೆಯುವ ಈ ವಿಧಾನವನ್ನು ಮನುಷ್ಯರಲ್ಲಿ ಮೊದಲು ಸಾಧಿಸಿದವನು ಜರ್ಮನಿಯ ಹಾನ್ಸ್ ಬರ್ಗರ್; ೧೯೨೪ರಲ್ಲಿ ಕಂಡದ್ದನ್ನು ೧೯೨೯ರಲ್ಲಿ ಪ್ರಕಟಿಸಿದನು. ೧೯೩೫ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬ ಮೂವರು, ಹೀಗೆ ಕ್ಷಣಕಾಲ ಶೂನ್ಯರಾಗುವ ರೋಗಿಗಳಲ್ಲಿ ಸೆಕೆಂಡಿಗೆ ೩ ಸಲ ಏಳುವ ಒಂದು ವಿಶಿಷ್ಟ ತರಂಗವನ್ನು ಕಂಡರು. ಒಂದು ಮೊನಚಾದ ಶಿಖರ, ಅದರ ಹಿಂದೆ ಒಂದು ದುಂಡು ಅಲೆ. ಮತ್ತೆ ಶಿಖರ, ಮತ್ತೆ ಅಲೆ. ವೈದ್ಯರು ತೋರಿಸಿದ ಹಾಳೆಯಲ್ಲಿ ನಮ್ಮ ಕೂಸಿನ ತಲೆಯೊಳಗೂ ಅದೇ ಅಲೆ, ಅಳತೆಗೋಲಿಟ್ಟು ಬರೆದಂತೆ. ಸುತ್ತಲಿನ ಅಂಕುಡೊಂಕಾದ ಗೆರೆಗಳ ನಡುವೆ ಆ ಭಾಗವೊಂದೇ ಅಂದವಾಗಿದ್ದಿತು. ಆರೋಗ್ಯ ಅಂಕುಡೊಂಕಿನಲ್ಲಿದೆ, ರೋಗ ಅಂದದಲ್ಲಿದೆ ಎಂಬುದನ್ನು ಅರಗಿಸಿಕೊಳ್ಳುವುದಕ್ಕೆ ನಮಗೆ ಹೊತ್ತು ಹಿಡಿಯಿತು.

“ಇದು ಅಪಸ್ಮಾರದ ಒಂದು ಬಗೆ, ಮೇಷ್ಟ್ರೇ. ಬಾಲ್ಯದಲ್ಲಿ ಬರುವಂಥದು. ಹೆದರಬೇಡಿ, ಬಹಳ ಮಕ್ಕಳಿಗೆ ದೊಡ್ಡವರಾಗುವ ಹೊತ್ತಿಗೆ ಬಿಟ್ಟುಹೋಗುತ್ತದೆ” ಎಂದರು.

ಅಪಸ್ಮಾರ! ಆ ಪದದ ವ್ಯುತ್ಪತ್ತಿಯನ್ನು ನಾವು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿಲ್ಲ. ಸ್ಮೃತಿಯು ದೂರ ಸರಿಯುವುದು ಎಂದಷ್ಟೇ ಅದರ ಅರ್ಥ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಒಂದು, ಚಿಕಿತ್ಸಾಸ್ಥಾನದಲ್ಲಿ ಒಂದು, ಹೀಗೆ ಎರಡು ಅಧ್ಯಾಯಗಳು ಇದಕ್ಕೇ ಮೀಸಲಾಗಿವೆ. ಆದರೆ ಪದವನ್ನು ಬಿಡಿಸಿ ಹೇಳುವಾಗಲೂ ನಮ್ಮ ಮನಸ್ಸಿನಲ್ಲಿದ್ದ ಚಿತ್ರ ಮಾತ್ರ ಬೀದಿಯಲ್ಲಿ ಬಿದ್ದು ಕೈಕಾಲು ಬಡಿಯುವವನದು, ಬಾಯಿಯ ನೊರೆಯದು, ಅಂಗೈಗೆ ಬೀಗದ ಕೈ ತುರುಕುವ ಜನರ ಗುಂಪಿನದು. ಕುಳಿತಲ್ಲಿಯೇ ಬೀಳದೆ, ನಡುಗದೆ, ಹತ್ತು ಸೆಕೆಂಡು ಸ್ಮೃತಿ ಒಂದೇ ಜಾರಿ ಹೋಗುವುದೂ ಆ ಪದದ ಅಕ್ಷರಶಃ ಅರ್ಥವೇ ಆಗಿದ್ದಿತಲ್ಲ. ಅದು ನಮಗೆ ಹೊಳೆದೇ ಇರಲಿಲ್ಲ.

ವೈದ್ಯರು ಒಂದು ಪಾನಕದಂಥ ಔಷಧವನ್ನು ಬರೆದುಕೊಟ್ಟರು. ಮನೆಗೆ ಬಂದು ಸಭೆ ಸೇರಿದೆವು. ಸಭೆಯ ತೀರ್ಮಾನವೊಂದೇ: ಶಾಲೆಗೆ ತಿಳಿಸಬಾರದು. ಹೆಣ್ಣುಮಗು, ಹೆಸರು ಒಮ್ಮೆ ಅಂಟಿದರೆ ಹೋಗುವುದಿಲ್ಲ. ಈ ಮಾತನ್ನು ಆಡಿದವಳು ನಮ್ಮ ಮಗಳು, ತಲೆಯಾಡಿಸಿದವರು ನಾವು.

ಇದಾದ ಕೆಲವು ವಾರಗಳಿಗೆ, ದಸರೆಯ ರಜೆಯಲ್ಲಿ, ನಮ್ಮ ಹಳೆಯ ಶಿಷ್ಯೆಯೊಬ್ಬಳು ನೋಡಿಹೋಗಲು ಬಂದಳು. ಈಕೆಯ ತಂದೆ ನಾವು ಪಾಠ ಹೇಳುತ್ತಿದ್ದ ಹಳ್ಳಿಯ ಕೆರೆಯ ನೀರಗಂಟಿ. ಈಕೆ ಈಗ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯೆಯನ್ನು ಬೋಧಿಸುತ್ತಾಳೆ. ಜಗುಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ನಾವು ವಿಷಯವನ್ನು ತಿಳಿಸಿದೆವು. “ಏನಾಗುತ್ತದೆ ಒಳಗೆ? ಮಗುವಿಗೆ ಹೇಳುವಂತೆ ನಮಗೆ ಹೇಳು” ಎಂದು ಕೇಳಿದೆವು. ಆ ದಿನ ಗುರುಶಿಷ್ಯರ ಸ್ಥಾನ ಅದಲುಬದಲಾಯಿತು. ಆಕೆ ಹೇಳಿದುದನ್ನೂ, ಅನಂತರ ನಾವು ಓದಿ ತಿಳಿದುದನ್ನೂ ಬೆರೆಸಿ, ನಮಗೆ ಅರ್ಥವಾದಷ್ಟನ್ನು ವಾಚಕರ ಮುಂದಿಡುತ್ತೇವೆ.

ಮಿದುಳಿನಲ್ಲಿ ಸುದ್ದಿಯನ್ನು ಒಯ್ಯುವ ನರಕೋಶಗಳು ಸುಮಾರು ೮,೬೦೦ ಕೋಟಿ ಇವೆಯೆಂದು ೨೦೦೯ರಲ್ಲಿ ಬ್ರೆಜಿಲ್ ದೇಶದ ಸಂಶೋಧಕರು ಎಣಿಸಿದರು. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ಕಿರಿದಾದ ಎಡೆಯುಂಟು. ಅದನ್ನು ಸಂಧಿ ಎನ್ನಬಹುದು. ವ್ಯಾಕರಣದವರಿಗೆ ಪ್ರಿಯವಾದ ಹೆಸರು. ಸುದ್ದಿಯು ಈ ಸಂಧಿಯನ್ನು ದಾಟುವುದು ರಸವಸ್ತುವಿನ ರೂಪದಲ್ಲಿ. ಆ ಸುದ್ದಿಗಳಲ್ಲಿ ಎರಡು ಜಾತಿ: “ಏಳು, ಮಾಡು” ಎನ್ನುವುದು ಒಂದು, “ತಡೆ, ಬೇಡ” ಎನ್ನುವುದು ಇನ್ನೊಂದು. ಮೀಮಾಂಸಕರ ವಿಧಿ ನಿಷೇಧಗಳೆಂದು ನಾವು ತಿಳಿದುಕೊಂಡೆವು. ನಿಷೇಧವೂ ಒಂದು ಕೆಲಸ, ಕೆಲಸದ ಅಭಾವವಲ್ಲ. ಇಂಗ್ಲೆಂಡಿನ ಶೆರಿಂಗ್‌ಟನ್ ಇದನ್ನು ಮಾಂಸಖಂಡಗಳಲ್ಲಿ ತೋರಿಸಿಕೊಟ್ಟನು. ೧೯೩೨ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ಬಂದಿತು. ನಾವು ಮೊಳಕೈಯನ್ನು ಮಡಿಸಬೇಕಾದರೆ ಮುಂದಿನ ಸ್ನಾಯು ಸೆಳೆದುಕೊಂಡರೆ ಸಾಲದು, ಹಿಂದಿನ ಸ್ನಾಯುವಿಗೆ “ನೀನು ಸುಮ್ಮನಿರು” ಎಂಬ ಆಜ್ಞೆಯೂ ಅದೇ ಗಳಿಗೆಯಲ್ಲಿ ಹೋಗಬೇಕು. ಇಲ್ಲವಾದರೆ ತೋಳು ಮರದ ಕೊರಡಿನಂತೆ ಬಿಗಿದು ನಿಂತೀತು.

ತಡೆಯುವ ರಸದ ಹೆಸರು ಗಾಬಾ. ಅದು ಮಿದುಳಿನಲ್ಲಿ ಇರುವುದು ತಿಳಿದದ್ದು ೧೯೫೦ರಲ್ಲಿ. ಅದೇ ತಡೆಯ ರಸವೆಂಬ ಅನುಮಾನ ಬಲವಾದದ್ದು ೧೯೫೭ರಲ್ಲಿ. ದನದ ಮಿದುಳಿನಿಂದ ತೆಗೆದ ಸಾರವೊಂದು ಸೀಗಡಿಯ ಜಾತಿಯ ಪ್ರಾಣಿಯ ನರವನ್ನು ಮೌನಗೊಳಿಸುತ್ತಿದ್ದಿತು, ಆ ಸಾರದಲ್ಲಿದ್ದುದು ಈ ಗಾಬಾ ಎಂದು ಎರ್ನ್ಸ್ಟ್ ಫ್ಲೋರಿ ಮತ್ತು ಅವನ ಜೊತೆಯವರು ಕಂಡುಹಿಡಿದರು. ನಮಗೆ ತೀರ ಸೋಜಿಗವೆನಿಸಿದ ಸಂಗತಿ ಬೇರೆ. “ಮಾಡು” ಎನ್ನುವ ರಸಗಳಲ್ಲಿ ಮುಖ್ಯವಾದದ್ದು ಗ್ಲುಟಮೇಟ್. ಆ ಗ್ಲುಟಮೇಟಿನಿಂದಲೇ ಒಂದು ಚೂರನ್ನು ಕಳಚಿದರೆ ಗಾಬಾ ಆಗುತ್ತದೆ! ಆ ಕಳಚುವ ಕೆಲಸಕ್ಕೆ ಬಿ-೬ ಎಂಬ ಜೀವಸತ್ತ್ವ ಬೇಕು. ನಮ್ಮ ವ್ಯಾಕರಣದಲ್ಲಿ ನಿಷೇಧಕ್ಕೆ ಒಂದು ಅಕ್ಷರವನ್ನು ಸೇರಿಸುತ್ತೇವೆ. ಮಿದುಳಿನಲ್ಲಿ ಒಂದು ಅಕ್ಷರವನ್ನು ಕಳೆದರೆ ನಿಷೇಧ.

ಇಷ್ಟು ಹೇಳಿ ನಮ್ಮ ಶಿಷ್ಯೆ, “ಮೇಷ್ಟ್ರೇ, ಇದುವರೆಗೆ ಹೇಳಿದ್ದು ಗದ್ದೆಯ ಕಥೆ. ನಮ್ಮಪ್ಪನ ಕಥೆ ಇನ್ನು ಮೇಲೆ” ಎಂದು ನಕ್ಕಳು.

ಮಿದುಳಿನಲ್ಲಿ ನರಕೋಶಗಳಷ್ಟೇ ಇರುವುದಲ್ಲ. ಹೆಚ್ಚುಕಡಮೆ ಅಷ್ಟೇ ಸಂಖ್ಯೆಯ ಬೇರೆ ಕೋಶಗಳೂ ಇವೆ. ಅವುಗಳಲ್ಲಿ ಬಹುಪಾಲು ಗ್ಲಿಯಾ ಎಂಬ ಜಾತಿಯವು. ಗ್ರೀಕರ ಮಾತಿನಲ್ಲಿ ಗ್ಲಿಯಾ ಎಂದರೆ ಅಂಟು, ಬಡಗಿಯ ಸರೇಸು. ೧೮೫೬ರಲ್ಲಿ ಜರ್ಮನಿಯ ವಿರ್ಚೋ ಎಂಬ ಮಹಾವೈದ್ಯನು ಇವನ್ನು ನರಗಳ ನಡುವೆ ಮೆತ್ತಿದ ಅಂಟೆಂದು ಭಾವಿಸಿ ಆ ಹೆಸರಿಟ್ಟನು. ಒಳಗೆ ಈ ಮಾತು ಕೇಳಿಸಿಕೊಂಡ ನಮ್ಮ ಮನೆಯಾಕೆ, “ಅಂಟು ಅಂತ ಹೆಸರಿಟ್ಟವರು ಗಂಡಸರೇ ಇರಬೇಕು. ಮನೆಯಲ್ಲಿ ದುಡಿಯುವವರು ಇವರಿಗೆ ಎಲ್ಲಿ ಕಾಣುತ್ತಾರೆ” ಎಂದು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಶಿಷ್ಯೆ ತಕ್ಷಣ ಒಪ್ಪಿಕೊಂಡಳು. ನಾವು ಕಾಫಿಯ ಲೋಟದ ಕಡೆ ಗಮನ ಕೊಟ್ಟೆವು.

ಆ ಗ್ಲಿಯಾಗಳಲ್ಲಿ ಒಂದು ಬಗೆ ಆಸ್ಟ್ರೋಸೈಟ್. ಸುತ್ತಲೂ ಕಿರಣಗಳನ್ನು ಚಾಚಿಕೊಂಡು ನಕ್ಷತ್ರದಂತೆ ಕಾಣುವುದರಿಂದ ೧೮೯೦ರ ದಶಕದಲ್ಲಿ ಹಂಗೇರಿಯ ಲೆನ್‌ಹೊಶೇಕ್ ಈ ಹೆಸರನ್ನು ಕೊಟ್ಟನು. ನಾವು ತಾರಾಕೋಶವೆಂದು ಕರೆಯೋಣ. ೧೯೧೩ರಲ್ಲಿ ಸ್ಪೇನ್ ದೇಶದ ಕಹಾಲನು ಚಿನ್ನದ ಲವಣದಿಂದ ಬಣ್ಣ ಕಟ್ಟಿ ಇವನ್ನು ಸ್ಫುಟವಾಗಿ ಕಾಣುವಂತೆ ಮಾಡಿದನು. ಒಂದು ತಾರಾಕೋಶದ ಕೆಲವು ಕೈಗಳು ರಕ್ತನಾಳವನ್ನು ಅಪ್ಪಿಕೊಂಡಿರುತ್ತವೆ; ಉಳಿದವು ನರಸಂಧಿಗಳನ್ನು ಸುತ್ತಿಕೊಂಡಿರುತ್ತವೆ. ಮನುಷ್ಯನಲ್ಲಿ ಒಂದೊಂದು ತಾರಾಕೋಶವು ೨೦ ಲಕ್ಷದವರೆಗೂ ಸಂಧಿಗಳನ್ನು ಮುಟ್ಟಬಲ್ಲದೆಂದು ಅಂದಾಜು ಮಾಡಿದ್ದಾರೆ. ಒಂದು ದೊಡ್ಡ ಪಟ್ಟಣದ ಮನೆಮನೆಯ ಬಾಗಿಲಲ್ಲಿಯೂ ಒಬ್ಬನೇ ಕೈಯಿಟ್ಟುಕೊಂಡು ನಿಂತಂತೆ!

ಅಲ್ಲಿ ನಿಂತು ಮಾಡುವುದೇನು? ಮುಖ್ಯವಾಗಿ ಚೊಕ್ಕಟ ಮಾಡುವುದು. ಸಂಧಿಯಲ್ಲಿ ಸುರಿದ ರಸವು ಕೆಲಸ ಮುಗಿದ ಮೇಲೂ ಅಲ್ಲಿಯೇ ನಿಂತರೆ, “ಬೇಡ” ಎಂಬ ಒಂದು ಮಾತು ನಿರಂತರ ಕೂಗಾಗುತ್ತದೆ. ಆದುದರಿಂದ ತಾರಾಕೋಶದ ಮೈಮೇಲೆ ರಸವನ್ನು ಒಳಕ್ಕೆ ಹೊರುವ ವಾಹಕಗಳಿವೆ; ಗಾಬಾ ಹೊರುವ ವಾಹಕಗಳಿಗೆ ಗ್ಯಾಟ್-೧, ಗ್ಯಾಟ್-೩ ಎಂದು ಹೆಸರು. ಒಳಗೆ ತಂದುಕೊಂಡ ಗ್ಲುಟಮೇಟನ್ನೂ ಗಾಬಾವನ್ನೂ ತಾರಾಕೋಶವು ಗ್ಲುಟಮಿನ್ ಎಂಬ ಸಾಧುವಾದ ವಸ್ತುವಾಗಿ ಮಾರ್ಪಡಿಸಿ ನರಕೋಶಕ್ಕೆ ಹಿಂದಿರುಗಿಸುತ್ತದೆ. ನರಕೋಶ ಅದರಿಂದ ಮತ್ತೆ ತನ್ನ ರಸವನ್ನು ತಯಾರಿಸಿಕೊಳ್ಳುತ್ತದೆ. ಎಂಜಲನ್ನು ಎತ್ತಿ, ಪಾತ್ರೆ ಬೆಳಗಿ, ಮತ್ತೆ ಅಡುಗೆಗೆ ಒದಗಿಸುವ ಕೆಲಸ. ಒಳಗಿನಿಂದ ಬಂದ ತೀರ್ಪು ಸರಿಯಾದುದೇ ಎಂದು ನಾವು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಇವು ಬರಿಯ ಜಾಡಮಾಲಿಗಳೂ ಅಲ್ಲ. ೧೯೯೦ರಲ್ಲಿ, ಗ್ಲುಟಮೇಟ್ ತಾಗಿದಾಗ ತಾರಾಕೋಶಗಳೊಳಗೆ ಕ್ಯಾಲ್ಸಿಯಮ್ಮಿನ ಅಲೆಗಳು ಏಳುವುದು ಕಂಡುಬಂದಿತು. ಎಂದರೆ ಅವು ಕೇಳಿಸಿಕೊಳ್ಳುತ್ತವೆ. ೧೯೯೮ರಲ್ಲಿ ಅಮೆರಿಕದಲ್ಲಿ ಕಾಂಗ್, ನೆಡರ್ಗಾರ್ಡ್ ಮೊದಲಾದವರು ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಇನ್ನೊಂದನ್ನು ಕಂಡರು: ತಡೆಯುವ ನರಕೋಶವು ಪದೇಪದೇ ಕೂಗಿದರೆ ಪಕ್ಕದ ತಾರಾಕೋಶವು ಗಾಬಾವನ್ನು ಗುರುತಿಸಿ, ತಾನೂ ಚೇತರಿಸಿಕೊಂಡು, ಆ ತಡೆಯನ್ನು ಮತ್ತಷ್ಟು ಬಲಪಡಿಸುತ್ತದೆ. ೨೦೧೦ರಲ್ಲಿ ಕೊರಿಯಾ ದೇಶದವರು, ಚಿಕ್ಕಮಿದುಳಿನಲ್ಲಿ ಇಂಥ ಕೋಶಗಳು ತಾವೇ ಗಾಬಾವನ್ನು ಹನಿಹನಿಯಾಗಿ ಹೊರಗೆ ಬಿಡುತ್ತವೆಂದು ತೋರಿಸಿದರು. ತೆಗೆಯುವುದೂ ಅವರ ಕೈಯಲ್ಲಿ, ಬಿಡುವುದೂ ಅವರ ಕೈಯಲ್ಲಿ. ತಡೆ ಎಷ್ಟಿರಬೇಕೆಂಬ ಹದವನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಇವರೇ.

“ಕೆರೆಯ ಕೆಳಗಿನ ತೋಟ ನೆನಪಿದೆಯೇ ಮೇಷ್ಟ್ರೇ?” ಎಂದು ಶಿಷ್ಯೆ ಕೇಳಿದಳು. “ತೂಬು ಎತ್ತಿದಾಗ ಹರಿದು ಬರುವ ನೀರು ಒಂದು ಬಗೆ. ಬಂದಿತು, ಹೋಯಿತು. ಅದು ಸಂಧಿಯೊಳಗಿನ ತಡೆ. ಆದರೆ ನೀರು ಹೋದ ಮೇಲೂ ನೆಲದಲ್ಲಿ ಒಂದು ತೇವ ಇರುತ್ತದಲ್ಲ, ಹಾಗೆ ಸಂಧಿಯ ಹೊರಗಡೆಯೂ ಗಾಬಾ ತೆಳ್ಳಗೆ ಹರಡಿಕೊಂಡಿರುತ್ತದೆ. ಅದೂ ಕೋಶಗಳನ್ನು ಹಗಲಿರುಳೂ ಸ್ವಲ್ಪ ತಡೆಹಿಡಿದಿರುತ್ತದೆ. ಹಿತವಾದ ತೇವವಾದರೆ ತೋಟಕ್ಕೆ ಒಳ್ಳೆಯದು. ಬಸಿಗಾಲುವೆ ಕಟ್ಟಿಕೊಂಡರೆ?”

ಜೌಗಾಗುತ್ತದೆ. ಬೇರು ಕೊಳೆಯುತ್ತದೆ. ಆಗ ನೀರನ್ನು ಬೈದು ಏನು ಫಲ? ಆಕೆಯ ತಂದೆ ಮಳೆಗಾಲದ ಮುಂಚೆ ಸನಿಕೆ ಹಿಡಿದು ಬಸಿಗಾಲುವೆಗಳ ಹೂಳೆತ್ತುತ್ತಿದ್ದುದನ್ನು ನಾವು ಶಾಲೆಯ ಕಿಟಕಿಯಿಂದ ಎಷ್ಟೋ ವರ್ಷ ನೋಡಿದ್ದೆವು. ತೂಬು ಎತ್ತುವ ದಿನ ಊರೆಲ್ಲ ಅವನನ್ನು ಹುಡುಕುತ್ತಿದ್ದರು. ಹೂಳೆತ್ತುವ ದಿನ ಯಾರೂ ಮಾತಾಡಿಸುತ್ತಿರಲಿಲ್ಲ.

ನಮ್ಮ ಕೂಸಿನ ರೋಗಕ್ಕೆ ಇದು ಹೊಂದುವುದು ಹೇಗೆಂಬುದನ್ನು ಈಗ ಹೇಳಬೇಕು. ಸೆಳವಿನ ರೋಗವೆಂದರೆ ತಡೆ ಸಾಲದೆ ಮಿದುಳು ಹುಚ್ಚೆದ್ದು ಕುಣಿಯುವುದೆಂದು ಎಲ್ಲರೂ ಊಹಿಸುತ್ತಾರೆ. ಅನೇಕ ಬಗೆಯ ಸೆಳವುಗಳಲ್ಲಿ ಅದು ನಿಜವೂ ಹೌದು. ಈ ಶೂನ್ಯಾಪಸ್ಮಾರದಲ್ಲಿ ಮಾತ್ರ ಕಥೆ ತಿರುಗುಮುರುಗು. ಮಿದುಳಿನ ನಡುವೆ ಥಾಲಮಸ್ ಎಂಬ ಒಂದು ಭಾಗವುಂಟು. ಕಣ್ಣು ಕಿವಿ ಮೈಗಳಿಂದ ಬರುವ ಸುದ್ದಿಯೆಲ್ಲ, ವಾಸನೆಯೊಂದನ್ನು ಬಿಟ್ಟು, ಅಲ್ಲಿ ಇಳಿದು ಮೇಲಿನ ಮಿದುಳಿಗೆ ಹೋಗಬೇಕು. ಇಲಿಗಳ ಥಾಲಮಸ್ಸಿನಲ್ಲಿ ಗಾಬಾ ಹೊರುವ ವಾಹಕಗಳಿರುವುದು ನರಕೋಶಗಳ ಮೇಲಲ್ಲ, ತಾರಾಕೋಶಗಳ ಮೇಲೆ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ಪಟ್ಟಣದಲ್ಲಿ ಸಾಕಿದ ಒಂದು ತಳಿಯ ಇಲಿಗಳಿಗೆ ಹುಟ್ಟಿನಿಂದಲೇ ಈ ಕ್ಷಣಶೂನ್ಯತೆಯ ರೋಗವುಂಟು. ೨೦೦೯ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾನಿಲಯದ ಕೋಪ್, ಕ್ರುನೆಲ್ಲಿ ಮತ್ತು ಅವರ ಸಂಗಡಿಗರು ಆ ಇಲಿಗಳನ್ನು ಪರೀಕ್ಷಿಸಿದಾಗ, ಥಾಲಮಸ್ಸಿನಲ್ಲಿ ಗ್ಯಾಟ್-೧ ವಾಹಕವು ಮಂದವಾಗಿದ್ದು, ಗಾಬಾ ಹೋಗದೆ ನಿಂತು, ಸಂಧಿಯ ಹೊರಗಣ ಆ ತೇವದ ತಡೆ ಮಿತಿಮೀರಿದ್ದುದು ಕಂಡಿತು. ಅಷ್ಟಕ್ಕೇ ಬಿಡದೆ, ಆರೋಗ್ಯವಾಗಿದ್ದ ಇಲಿಗಳ ಥಾಲಮಸ್ಸಿನಲ್ಲಿ ಆ ವಾಹಕವೊಂದನ್ನೇ ತಡೆದು ನೋಡಿದರು. ಅವೂ ಇದ್ದಲ್ಲಿಯೇ ಸ್ತಬ್ಧವಾದುವು. ಅವುಗಳ ಮಿದುಳಿನಲ್ಲಿಯೂ ಶಿಖರ, ಅಲೆ, ಶಿಖರ, ಅಲೆ.

ತಡೆ ಹೆಚ್ಚಾದರೆ ಅಲೆ ಏಳುವುದೇಕೆ? ಇದನ್ನು ಮೇಷ್ಟರಾದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತರಗತಿಯನ್ನು ಅರ್ಧ ಗಂಟೆ ಉಸಿರೆತ್ತದಂತೆ ಅದುಮಿ ಕೂರಿಸಿರಿ; ಗಂಟೆ ಬಾರಿಸಿದೊಡನೆ ನಲವತ್ತು ಕಂಠಗಳೂ ಒಟ್ಟಿಗೆ ಸಿಡಿಯುತ್ತವೆ. ಅದುಮದಿದ್ದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಪಿಸುಗುಟ್ಟುತ್ತಿದ್ದರು. ಥಾಲಮಸ್ಸಿನ ನರಕೋಶಗಳಲ್ಲಿ ಕ್ಯಾಲ್ಸಿಯಮ್ಮನ್ನು ಒಳಬಿಡುವ ಒಂದು ಬಗೆಯ ದ್ವಾರಗಳಿವೆ. ಕೋಶವನ್ನು ಆಳಕ್ಕೆ ಅದುಮಿದಾಗಲೇ ಅವು ಸಿಡಿಯಲು ಸಿದ್ಧವಾಗುವುವು. ಹೀಗೆ ಅದುಮಿಸಿಕೊಂಡ ಕೋಶಗಳೆಲ್ಲ ಒಮ್ಮೆಗೇ ಸಿಡಿದು, ಒಮ್ಮೆಗೇ ಮಲಗಿ, ಮತ್ತೆ ಸಿಡಿಯುತ್ತವೆ. ಎಲ್ಲರೂ ಒಂದೇ ತಾಳದಲ್ಲಿ ಕೂಗುವಾಗ ಹೊರಗಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಕೂಸಿನ ಕಣ್ಣು ತೆರೆದಿದ್ದೂ ನೋಟವಿಲ್ಲದಿದ್ದುದು ಇದರಿಂದ.

ಔಷಧಗಳ ವಿಷಯದಲ್ಲಿಯೂ ಇದಕ್ಕೆ ಸಾಕ್ಷಿ ಸಿಕ್ಕುತ್ತದೆ. ಗಾಬಾ ಹೊರುವ ಗ್ಯಾಟ್-೧ ವಾಹಕವನ್ನು ಬೇಕೆಂದೇ ತಡೆಯುವ ಟಯಾಗಬಿನ್ ಎಂಬ ಔಷಧವುಂಟು. ಗಾಬಾ ಕರಗದಂತೆ ಮಾಡುವ ವೈಗಬಾಟ್ರಿನ್ ಎಂಬುದೂ ಉಂಟು. ಬೇರೆ ಬಗೆಯ ಸೆಳವುಗಳಿಗೆ ಅವು ಉಪಕಾರಿ. ಶೂನ್ಯಾಪಸ್ಮಾರವನ್ನು ಅವೇ ಉಲ್ಬಣಗೊಳಿಸಬಲ್ಲವು. ನಮ್ಮ ವೈದ್ಯರು ಕೊಟ್ಟದ್ದು ಎಥೊಸಕ್ಸಿಮೈಡ್. ಅದು ಹಿಂದೆ ಹೇಳಿದ ಕ್ಯಾಲ್ಸಿಯಮ್ಮಿನ ದ್ವಾರಗಳನ್ನು ಮೆತ್ತಗಾಗಿಸುವಂಥದು. ೨೦೧೦ರಲ್ಲಿ ಅಮೆರಿಕದಲ್ಲಿ ೪೫೩ ಮಕ್ಕಳಲ್ಲಿ ಮೂರು ಔಷಧಗಳನ್ನು ಹೋಲಿಸಿ ನೋಡಿದ ಫಲಿತಾಂಶ ಪ್ರಕಟವಾಯಿತು. ಇದೂ ವಾಲ್ಪ್ರೋಯೇಟೂ ಸರಿಸಮವಾಗಿ ಗುಣಕೊಟ್ಟುವು, ಮಕ್ಕಳ ಗಮನಶಕ್ತಿಗೆ ಇದರಿಂದ ಹಾನಿ ಕಡಮೆ ಎಂದು ಕಂಡುಬಂದಿತು. ಯಾವ ಮಗುವಿಗೆ ಯಾವುದೆಂಬುದು ವೈದ್ಯರಿಗೆ ಬಿಟ್ಟ ಮಾತು. ಈ ಲೇಖನವನ್ನು ಓದಿ ಯಾರೂ ಸೀಸೆಯನ್ನು ಬದಲಾಯಿಸಬಾರದು. ಇಲಿಯಲ್ಲಿ ಕಂಡದ್ದೇ ಪ್ರತಿ ಮಗುವಿನಲ್ಲಿಯೂ ಕಾರಣವೆನ್ನುವಂತಿಲ್ಲವೆಂದು ನಮ್ಮ ಶಿಷ್ಯೆಯೂ ಎರಡು ಸಲ ಎಚ್ಚರಿಸಿದಳು.

ಆಕೆ ಹೊರಟುಹೋದ ಮೇಲೆ ನಾವು ಕತ್ತಲಾಗುವವರೆಗೆ ಜಗುಲಿಯಲ್ಲಿಯೇ ಕುಳಿತಿದ್ದೆವು.

೧೯೯೬ರಲ್ಲಿ ನಮ್ಮ ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಉಕ್ತಲೇಖನ ಬರೆಸುವಾಗ ನಡುವೆ ಬಳಪ ನಿಲ್ಲಿಸುತ್ತಿದ್ದನು. ಆಮೇಲೆ ಬರೆದಾಗ ಒಂದು ಸಾಲು ಹಾರಿಹೋಗಿರುತ್ತಿದ್ದಿತು. “ಏಕೆ ನಿಲ್ಲಿಸಿದೆ?” ಎಂದರೆ “ನಾನು ನಿಲ್ಲಿಸಲಿಲ್ಲ ಸಾ” ಎನ್ನುತ್ತಿದ್ದನು. ನಮಗೆ ತಪ್ಪಿಗಿಂತ ಆ ಸುಳ್ಳು ಸಹಿಸಲಾಗುತ್ತಿರಲಿಲ್ಲ. ಸುಳ್ಳಿಗೆಂದು ಅಂಗೈಗೆ ಕೋಲು ಬೀಳುತ್ತಿದ್ದಿತು. ಅಷ್ಟಾಗಿದ್ದರೆ ಆ ಕಾಲದ ಪದ್ಧತಿಯೆಂದು ಸಮಾಧಾನ ಹೇಳಿಕೊಳ್ಳಬಹುದಾಗಿದ್ದಿತು. ನಮಗೆ ಆಗ ಹಾಸ್ಯದ ಚಪಲವೂ ಇದ್ದಿತು. “ಋಷಿಗಳೇ, ಸಮಾಧಿಯಿಂದ ಏಳೋಣವಾಗಲಿ” ಎನ್ನುತ್ತಿದ್ದೆವು. ತರಗತಿ ಗೊಳ್ಳೆಂದು ನಗುತ್ತಿದ್ದಿತು. ಕೆಲವು ದಿನಗಳಲ್ಲಿ ಅವನ ಹೆಸರೇ ಋಷಿ ಎಂದಾಯಿತು. ಏಳನೆಯ ತರಗತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅವನು ಶಾಲೆಯನ್ನು ಬಿಟ್ಟನು. ತಂದೆ ಬಂದು ವರ್ಗಾವಣೆ ಪತ್ರ ಕೇಳಿದಾಗ ಅದನ್ನು ಬರೆದುಕೊಟ್ಟವರೂ ನಾವೇ.

ಮಾರ್ಗಶಿರದಲ್ಲಿ, ಕೂಸಿನ ಎರಡನೆಯ ಇ.ಇ.ಜಿ. ಮುಗಿದು ಅಲೆಗಳು ಬಹಳ ಕಡಮೆಯಾಗಿವೆಯೆಂದು ತಿಳಿದ ಮೇಲೆ, ಬಸ್ಸು ಹತ್ತಿ ಆ ಹೋಬಳಿಗೆ ಹೋದೆವು. ನಿಲ್ದಾಣದಲ್ಲಿ ಇಳಿದು ಅವನ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗಲಿಲ್ಲ. ತಂದೆಯ ಹೆಸರು ಹೇಳಿದೆವು. “ಓ, ಋಷಿ ಮಿಲ್ಲಾ?” ಎಂದು ಒಬ್ಬ ಹುಡುಗ ಕೈ ತೋರಿಸಿದನು. ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ “ಋಷಿ ಹಿಟ್ಟಿನ ಗಿರಣಿ” ಎಂಬ ಫಲಕವಿದ್ದಿತು.

ಅವನಿಗೆ ಈಗ ನಲವತ್ತರ ಮೇಲೆ. ರೆಪ್ಪೆಗಳ ಮೇಲೆಲ್ಲ ಹಿಟ್ಟು. ಗುರುತು ಹಿಡಿದು ಯಂತ್ರವನ್ನು ನಿಲ್ಲಿಸಿ, ಚೀಲದ ಮೇಲೆ ಟವಲು ಹಾಸಿ ಕೂರಿಸಿದನು. ಹದಿನ್ನಾಲ್ಕು ಹದಿನೈದರ ವಯಸ್ಸಿಗೆ ಆ ತೊಂದರೆ ತಾನಾಗಿಯೇ ಬಿಟ್ಟಿತೆಂದು ತಿಳಿಸಿದನು. ನಾವು ಬಂದ ಕಾರಣವನ್ನು ಹೇಳಿದೆವು. ಕೂಸಿನ ವಿಷಯವನ್ನೂ ಅಲೆಯ ವಿಷಯವನ್ನೂ ಹೇಳಿದೆವು. ಕ್ಷಮಿಸು ಎಂಬ ಪದವನ್ನು ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದೆವು. ಅದು ಅಲ್ಲಿ ಹೇಗೆ ಹೊರಟಿತೋ ನೆನಪಿಲ್ಲ.

“ಹೊಡೆದದ್ದು ನೆನಪಿದೆ ಮೇಷ್ಟ್ರೇ. ಯಾಕೆ ಅಂತ ಮಾತ್ರ ಆಗ ಗೊತ್ತಾಗ್ತಿರಲಿಲ್ಲ. ನೀವು ಹೇಳ್ತಾ ಇರ್ತಿದ್ರಿ, ನಾನು ಬರೀತಾ ಇರ್ತಿದ್ದೆ, ಅಷ್ಟರಲ್ಲಿ ನೀವು ಕೋಲು ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಿದ್ರಿ. ನೀವು ಯಾವಾಗ ನಡೆದು ಬಂದ್ರಿ ಅಂತ ನಾನು ಯೋಚನೆ ಮಾಡ್ತಿದ್ದೆ.”

ಸ್ವಲ್ಪ ಹೊತ್ತಿನ ಮೇಲೆ ಕೇಳಿದನು: “ಈ ಔಷಧಿ ಆಗ ಇತ್ತಾ?”

ಎಥೊಸಕ್ಸಿಮೈಡ್ ೧೯೫೦ರ ದಶಕದ ಕೊನೆಯಿಂದಲೂ ಬಳಕೆಯಲ್ಲಿದೆ. “ಇತ್ತಪ್ಪ” ಎಂದೆವು.

ಅವನು ತಲೆಯಾಡಿಸಿದನು. ರಾಗಿಯ ಡಬ್ಬವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸಿಗೆ “ಬಂದೆ ಕಣಕ್ಕ” ಎಂದನು. ಎದ್ದು ನಿಂತವನು ತಿರುಗಿ, “ಮಗೂಗೆ ಪಾಠ ಮಾಡೋ ಟೀಚರಿಗೆ ಹೇಳಿದ್ದೀರಾ ಮೇಷ್ಟ್ರೇ?” ಎಂದನು.

ಹೇಳಿರಲಿಲ್ಲ.

ಮುಂದಿನ ಸೋಮವಾರ ಬೆಳಗ್ಗೆ ನಾವೂ ನಮ್ಮ ಮಗಳೂ ಶಾಲೆಗೆ ಹೋದೆವು. ಉಪಾಧ್ಯಾಯಿನಿ ಚಿಕ್ಕ ವಯಸ್ಸಿನವಳು. ಪೂರ್ತಿ ಕೇಳಿಸಿಕೊಂಡು, ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಏನನ್ನೋ ಗುರುತುಹಾಕಿಕೊಂಡಳು. “ಹಾಗೆ ನಿಂತಾಗ ನಾನೇನು ಮಾಡಬೇಕು?” ಎಂದು ಕೇಳಿದಳು. ವೈದ್ಯರು ಹೇಳಿದ್ದನ್ನು ಹೇಳಿದೆವು: ಮುಟ್ಟಿ ಅಲುಗಿಸುವುದು ಬೇಡ, ಕಾಯಬೇಕು, ಕಣ್ಣು ಮರಳಿದ ಮೇಲೆ ತಪ್ಪಿಹೋದ ಸಾಲನ್ನು ಇನ್ನೊಮ್ಮೆ ಓದಿ ಹೇಳಬೇಕು.